ದೂರವಿದ್ದ ಜೋಡಿ ಮತ್ತೆ ಸೇರಿ ಕ್ಯಾಂಪರ್‌ವ್ಯಾನ್ ಹತ್ತುವ ಮೊದಲು: ನ್ಯೂಜಿಲೆಂಡ್ ದಕ್ಷಿಣ ದ್ವೀಪಕ್ಕೊಂದು ಸಮಗ್ರ ಮಾರ್ಗದರ್ಶಿ

ಕೆಲಸಕ್ಕೋ ಓದಿಗೋ ಒಬ್ಬರು ಒಂದು ದೇಶದಲ್ಲಿ, ಇನ್ನೊಬ್ಬರು ಇನ್ನೊಂದು ದೇಶದಲ್ಲಿ ಇರುವ ಜೋಡಿಗಳು ಈಗ ಬೇಕಾದಷ್ಟಿವೆ. ತಿಂಗಳುಗಟ್ಟಲೆ ವಿಡಿಯೋ ಕಾಲ್‌ನಲ್ಲೇ ಸಂಸಾರ. ಕೊನೆಗೂ ಇಬ್ಬರಿಗೂ ರಜೆ ಸಿಕ್ಕಿದಾಗ ಮೂರನೆಯ ದೇಶದಲ್ಲಿ ಭೇಟಿಯಾಗಿ, ವ್ಯಾನ್ ಬಾಡಿಗೆಗೆ ತಗೊಂಡು, ಕ್ಯಾಂಪಿಂಗ್ ಮಾಡುತ್ತಾ ಸುತ್ತೋಣ ಅನ್ನುವ ಆಸೆ ಹುಟ್ಟುತ್ತದೆ. ಆಸೆ ಚೆನ್ನಾಗಿದೆ. ಆದರೆ ಇದರಲ್ಲಿ ಎರಡು ಕೆಲಸ ಸೇರಿಕೊಂಡಿವೆ. ಒಂದು, ಮತ್ತೆ ಒಟ್ಟಿಗೆ ಬದುಕಲು ಶುರು ಮಾಡುವುದು. ಇನ್ನೊಂದು, ಗೊತ್ತಿಲ್ಲದ ದೇಶದಲ್ಲಿ ದೊಡ್ಡ ಗಾಡಿ ಓಡಿಸುವುದು. ಎರಡನ್ನೂ ಒಂದೇ ದಿನ ಶುರು ಮಾಡಿದರೆ ಎರಡೂ ಕೆಡುತ್ತವೆ. ಹಾಗಾಗಿ ಮೊದಲು ಭೇಟಿ, ಆಮೇಲೆ ರಸ್ತೆ. ಈ ಬರಹದ ಎಲ್ಲ ಲೆಕ್ಕಾಚಾರವೂ ಇದೇ ಕ್ರಮದಲ್ಲಿದೆ.

ದೇಶವಾಗಿ ನಾನು ಆರಿಸಿಕೊಂಡಿರುವುದು ನ್ಯೂಜಿಲೆಂಡಿನ ದಕ್ಷಿಣ ದ್ವೀಪ. ಸುಮಾರು 1,200 ಕಿ.ಮೀ ಸುತ್ತು. ಕ್ರೈಸ್ಟ್‌ಚರ್ಚ್‌ನಲ್ಲಿ ಶುರು, ಅಲ್ಲೇ ಕೊನೆ. ಕ್ಯಾಂಪಿಂಗ್ ಮಾಡುವವರಿಗೆ ಇಷ್ಟು ಅನುಕೂಲ ಇರುವ ದೇಶಗಳು ಕಡಿಮೆ. ನಿಯಮಗಳು ಮಾತ್ರ ಬಿಗಿಯಾಗಿವೆ.

ಹಂತ 1: ತಾರೀಕು ಮತ್ತು ವಿಮಾನ

ಮೊದಲ ಎಡವಟ್ಟು ಕ್ಯಾಲೆಂಡರ್‌ನಲ್ಲೇ ಆಗುತ್ತದೆ. ಅಮೆರಿಕದಿಂದ ಬರುವವರು ಅಂತರರಾಷ್ಟ್ರೀಯ ದಿನಾಂಕ ರೇಖೆ ದಾಟುತ್ತಾರೆ. ಲಾಸ್ ಏಂಜಲೀಸ್‌ನಿಂದ ಶುಕ್ರವಾರ ರಾತ್ರಿ ಹೊರಟರೆ ಆಕ್ಲೆಂಡ್‌ನಲ್ಲಿ ಇಳಿಯುವುದು ಭಾನುವಾರ ಬೆಳಿಗ್ಗೆ. ಪ್ರಯಾಣ ಹನ್ನೆರಡು ಹದಿಮೂರು ಗಂಟೆಯದ್ದೇ, ಆದರೆ ಶನಿವಾರ ಪೂರ್ತಿ ಮಾಯ. ಏಷ್ಯಾದ ಕಡೆಯಿಂದ ಬರುವವರಿಗೆ ಈ ತೊಂದರೆ ಇಲ್ಲ. ಆದ್ದರಿಂದ ‘ನಾನು ಶುಕ್ರವಾರ ಹೊರಡ್ತೀನಿ, ನೀನೂ ಶುಕ್ರವಾರ ಹೊರಡು’ ಅಂತ ಮಾತಾಡಿಕೊಳ್ಳಬೇಡಿ. ಹೊರಡುವ ದಿನ ಬಿಡಿ, ನ್ಯೂಜಿಲೆಂಡ್ ಸಮಯದಲ್ಲಿ ಇಳಿಯುವ ದಿನವನ್ನು ಮಾತ್ರ ಹೇಳಿಕೊಳ್ಳಿ. ಇಬ್ಬರ ಟಿಕೆಟ್ಟಿನ ಪ್ರತಿಯೂ ಇಬ್ಬರ ಹತ್ತಿರವೂ ಇರಲಿ.

ಭೇಟಿಯ ಜಾಗ ಕ್ರೈಸ್ಟ್‌ಚರ್ಚ್ ಆಗಿರಲಿ, ಆಕ್ಲೆಂಡ್ ಬೇಡ. ಕಾರಣ ಇದೆ. ಹೊರದೇಶದಿಂದ ಬಂದವರು ದೇಶದೊಳಗೆ ಮೊದಲು ಇಳಿಯುವ ನಿಲ್ದಾಣದಲ್ಲೇ ಇಮಿಗ್ರೇಶನ್, ಕಸ್ಟಮ್ಸ್, ಬ್ಯಾಗ್ ತಪಾಸಣೆ ಮುಗಿಸಬೇಕು. ಆಕ್ಲೆಂಡ್‌ನಲ್ಲಿ ದೇಶೀಯ ವಿಮಾನದ ಟರ್ಮಿನಲ್ ಬೇರೆಯೇ ಕಟ್ಟಡ, ಹತ್ತು ನಿಮಿಷದ ನಡಿಗೆ. ಅಲ್ಲಿ ಒಬ್ಬರಿಗಾಗಿ ಇನ್ನೊಬ್ಬರು ಕಾಯುತ್ತಾ ಮುಂದಿನ ವಿಮಾನ ತಪ್ಪಿಸಿಕೊಳ್ಳುವುದು ಸುಲಭ. ಕ್ರೈಸ್ಟ್‌ಚರ್ಚ್‌ಗೆ ಸಿಂಗಾಪುರದಿಂದಲೂ ಆಸ್ಟ್ರೇಲಿಯಾದಿಂದಲೂ ನೇರ ವಿಮಾನ ಇದೆ. ಯಾರು ಹೇಗೆ ಬಂದರೂ ಕೊನೆಯ ನಿಲ್ದಾಣ ಒಂದೇ ಆಗಿದ್ದರೆ ಸಾಕು.

ಯಾವ ತಿಂಗಳು ಅಂತೀರಾ? ಅಲ್ಲಿ ಬೇಸಿಗೆ ಡಿಸೆಂಬರ್‌ನಿಂದ ಫೆಬ್ರುವರಿ. ಕ್ರಿಸ್‌ಮಸ್‌ನಿಂದ ಜನವರಿ ಕೊನೆಯವರೆಗೆ ಸ್ಥಳೀಯರ ಶಾಲೆಗಳಿಗೂ ರಜೆ. ಕ್ಯಾಂಪ್‌ಗ್ರೌಂಡ್‌ಗಳು ತುಂಬಿರುತ್ತವೆ, ಬಾಡಿಗೆ ಏರಿರುತ್ತದೆ. ನನ್ನ ಆಯ್ಕೆ ಮಾರ್ಚ್. ಬಿಸಿಲು ಇನ್ನೂ ಇರುತ್ತದೆ, ಜನ ಕಡಿಮೆ, ರಾತ್ರಿ ಒಂಬತ್ತರೊಳಗೆ ಕತ್ತಲಾಗುವುದರಿಂದ ನಕ್ಷತ್ರ ನೋಡಲು ನಿದ್ದೆಗೆಡಬೇಕಿಲ್ಲ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಮುಳುಗುವುದೇ ಒಂಬತ್ತರ ನಂತರ.

ಹಂತ 2: ಇಬ್ಬರ ಕಾಗದಪತ್ರವೂ ಬೇರೆ ಬೇರೆ

ಜೋಡಿ ಒಂದೇ ಆದರೂ ನಿಯಮ ಪಾಸ್‌ಪೋರ್ಟ್ ನೋಡಿಕೊಂಡು ಬದಲಾಗುತ್ತದೆ. ವೀಸಾ ವಿನಾಯಿತಿ ಇರುವ ದೇಶದ ಪಾಸ್‌ಪೋರ್ಟ್ ಇದ್ದವರಿಗೆ ಎನ್‌ಝೆಡ್‌ಇಟಿಎ ಎಂಬ ಆನ್‌ಲೈನ್ ಅನುಮತಿ ಸಾಕು. ಅದಕ್ಕೂ 72 ಗಂಟೆವರೆಗೆ ಹಿಡಿಯಬಹುದು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವಿಸಿಟರ್ ವೀಸಾನೇ ಬೇಕು, ಅದಕ್ಕೆ ಜಾಸ್ತಿ ದಿನ ಹಿಡಿಯುತ್ತದೆ. ಆಸ್ಟ್ರೇಲಿಯಾದಲ್ಲಿ ವಿಮಾನ ಬದಲಾಯಿಸುವ ಯೋಚನೆ ಇದ್ದರೆ ಅಲ್ಲಿನ ಟ್ರಾನ್ಸಿಟ್ ವೀಸಾ ಬೇಕಾ ಅಂತಲೂ ನೋಡಿ. ಭಾರತೀಯರಿಗೆ ಬೇಕು. ಈ ಸಣ್ಣ ವಿಷಯಕ್ಕೇ ಚೆಕ್-ಇನ್ ಕೌಂಟರ್‌ನಿಂದ ವಾಪಸ್ ಬಂದವರಿದ್ದಾರೆ.

ಹೆಚ್ಚಿನ ಪ್ರವಾಸಿಗರು ತಲಾ 100 ನ್ಯೂಜಿಲೆಂಡ್ ಡಾಲರ್ ಪ್ರವಾಸಿ ಶುಲ್ಕವನ್ನೂ ಕಟ್ಟಬೇಕು. 2024ರ ಅಕ್ಟೋಬರ್‌ನಿಂದ ಈ ಮೊತ್ತ ಜಾರಿಯಲ್ಲಿದೆ. ವೀಸಾ ಅಥವಾ ಎನ್‌ಝೆಡ್‌ಇಟಿಎ ಅರ್ಜಿಯ ಜೊತೆಗೇ ಕಟ್ಟುವುದು. ಇನ್ನೊಂದು ಕೆಲಸ ಟ್ರಾವೆಲರ್ ಡಿಕ್ಲರೇಶನ್, ಅಂದರೆ ಏನೇನು ತರುತ್ತಿದ್ದೀರಿ ಅಂತ ತಿಳಿಸುವ ಘೋಷಣೆ. ಹೊರಡುವ ಹಿಂದಿನ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಉಚಿತ. ಇಬ್ಬರೂ ಬೇರೆ ಬೇರೆ ತುಂಬಬೇಕು.

ಲೈಸೆನ್ಸ್ ಇಂಗ್ಲಿಷ್‌ನಲ್ಲಿ ಇದ್ದರೆ ಸರಿ. ಇಲ್ಲದಿದ್ದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಅಥವಾ ಅಧಿಕೃತ ಅನುವಾದ ಬೇಕು. ಫೋನಿನಲ್ಲಿ ಇಟ್ಟುಕೊಂಡ ಫೋಟೋ ನಂಬಿಕೊಂಡು ಹೋಗಬೇಡಿ, ಅಸಲಿ ಕಾರ್ಡ್ ಕೈಯಲ್ಲಿರಲಿ.

ಹಂತ 3: ವ್ಯಾನ್ ಆರಿಸುವುದು

ಇಬ್ಬರಿಗೆ ಸಿಗುವ ವ್ಯಾನ್‌ಗಳು ಮುಖ್ಯವಾಗಿ ಎರಡು ಥರ. ಒಂದು ಸ್ಲೀಪರ್ ವ್ಯಾನ್: ಒಳಗೆ ಹಾಸಿಗೆ, ಹಿಂದೆ ಪುಟ್ಟ ಒಲೆ, ಟಾಯ್ಲೆಟ್ ಇಲ್ಲ ಅಥವಾ ಹೆಸರಿಗೆ ಮಾತ್ರ. ಇನ್ನೊಂದು ಒಳಗೆ ನಿಂತುಕೊಳ್ಳಬಹುದಾದ, ಟಾಯ್ಲೆಟ್ ಮತ್ತು ಸ್ನಾನದ ಮೂಲೆ ಇರುವ ಎರಡು ಬರ್ತ್ ಕ್ಯಾಂಪರ್‌ವ್ಯಾನ್. ಮೊದಲನೆಯದು ಅಗ್ಗ. ಆದರೂ ಬಹಳ ದಿನ ದೂರ ಇದ್ದು ಸೇರುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಮಳೆ ಹಿಡಿದರೆ ಇಡೀ ದಿನ ಒಳಗೇ ಕೂರಬೇಕಾಗುತ್ತದೆ. ಆಗ ಒಬ್ಬರು ನಿಂತು ಚಹಾ ಮಾಡುವಾಗ ಇನ್ನೊಬ್ಬರು ಕೂತು ಓದುವಷ್ಟು ಜಾಗ ಇದೆಯೋ ಇಲ್ಲವೋ ಅನ್ನುವುದು ಮನಸ್ಸಿನ ನೆಮ್ಮದಿಗೆ ನೇರ ಸಂಬಂಧಪಟ್ಟದ್ದು.

ಕಾನೂನಿನ ಕಾರಣವೂ ಇದೆ. ದುಡ್ಡು ಕೊಡದೆ ಸಾರ್ವಜನಿಕ ಜಾಗದಲ್ಲಿ ವ್ಯಾನ್ ನಿಲ್ಲಿಸಿ ಮಲಗುವುದಕ್ಕೆ ಅಲ್ಲಿ ಫ್ರೀಡಂ ಕ್ಯಾಂಪಿಂಗ್ ಅನ್ನುತ್ತಾರೆ. 2011ರ ಕಾಯ್ದೆ ಇದಕ್ಕೆ ಅವಕಾಶ ಕೊಟ್ಟಿತು, 2023ರ ತಿದ್ದುಪಡಿ ಬಿಗಿ ಮಾಡಿತು. ಸ್ಥಳೀಯ ಕೌನ್ಸಿಲ್‌ಗಳ ಜಾಗದಲ್ಲಿ ಮಲಗಲು ಸಾಮಾನ್ಯವಾಗಿ ಸೆಲ್ಫ್ ಕಂಟೇನ್ಡ್ ಪ್ರಮಾಣಪತ್ರ ಇರುವ ವ್ಯಾನ್ ಬೇಕು. ಅದರ ಗುರುತು ಹಸಿರು ಸ್ಟಿಕ್ಕರ್. ಆ ಪ್ರಮಾಣಪತ್ರಕ್ಕೆ ಟಾಯ್ಲೆಟ್ ಗಾಡಿಗೆ ಗಟ್ಟಿಯಾಗಿ ಕೂರಿಸಿದ್ದಾಗಿರಬೇಕು, ಹಾಸಿಗೆ ಹಾಸಿದಾಗಲೂ ಬಳಸಲು ಆಗಬೇಕು. ಮೂರು ದಿನಕ್ಕೆ ಸಾಲುವ ನೀರು, ಅಂದರೆ ದಿನಕ್ಕೆ ತಲಾ 4 ಲೀಟರ್, ಹಿಡಿಸುವ ಟ್ಯಾಂಕ್ ಇರಬೇಕು. ತಪ್ಪು ಜಾಗದಲ್ಲಿ ತಪ್ಪು ವ್ಯಾನ್ ನಿಲ್ಲಿಸಿದರೆ 400 ಡಾಲರ್ ದಂಡ ಬೀಳಬಹುದು. ಸ್ಲೀಪರ್ ವ್ಯಾನ್ ತಗೊಂಡವರು ಟಾಯ್ಲೆಟ್ ಇರುವ ಕ್ಯಾಂಪ್‌ಗ್ರೌಂಡ್‌ಗಳಲ್ಲೇ ಉಳಿದರೆ ಯಾವ ತಕರಾರೂ ಇಲ್ಲ.

ಬಾಡಿಗೆ ಕರಾರಿನಲ್ಲಿ ನೋಡಬೇಕಾದ್ದು ಹೀಗೆ. ಡೀಸೆಲ್ ಗಾಡಿಗೆ ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ರೋಡ್ ಯೂಸರ್ ಚಾರ್ಜ್ ಇರುತ್ತದೆ. ಬಾಡಿಗೆಯಲ್ಲೇ ಸೇರಿದೆಯಾ, ಕೊನೆಗೆ ಕೇಳುತ್ತಾರಾ ವಿಚಾರಿಸಿ. ಅಪಘಾತವಾದರೆ ನೀವು ಕಟ್ಟಬೇಕಾದ ಮೊತ್ತ ಎಷ್ಟು? ಮುಂಭಾಗದ ಗಾಜು ಮತ್ತು ಟೈರ್ ವಿಮೆಯಲ್ಲಿ ಸೇರಿದೆಯಾ? ಜಲ್ಲಿ ರಸ್ತೆಯಲ್ಲಿ ಕಲ್ಲು ಸಿಡಿದು ಗಾಜು ಬಿರುಕು ಬಿಡುವುದು ಮಾಮೂಲು. ಕೆಲವು ರಸ್ತೆಗಳಿಗೆ ಬಾಡಿಗೆ ಗಾಡಿ ಒಯ್ಯುವಂತೆಯೇ ಇಲ್ಲ, ಕ್ವೀನ್ಸ್‌ಟೌನ್ ಹತ್ತಿರದ ಸ್ಕಿಪ್ಪರ್ಸ್ ರೋಡ್ ಅದರಲ್ಲೊಂದು.

ಇಬ್ಬರೂ ಡ್ರೈವರ್‌ಗಳಾಗಿ ಹೆಸರು ಬರೆಸಿ. ಗಾಡಿ ತಗೊಳ್ಳುವಾಗ ಇಬ್ಬರೂ ಲೈಸೆನ್ಸ್ ಹಿಡಿದು ಡಿಪೋದಲ್ಲಿ ಇರಬೇಕಾಗುತ್ತದೆ. ಠೇವಣಿಗೆ ಬಳಸುವ ಕ್ರೆಡಿಟ್ ಕಾರ್ಡ್ ಯಾರದ್ದೋ ಅವರೂ ಎದುರಿಗಿರಬೇಕು. ಒಬ್ಬರು ಮೊದಲೇ ಬಂದು ವ್ಯಾನ್ ತಗೊಂಡು ಏರ್‌ಪೋರ್ಟಿಗೆ ಸ್ವಾಗತಕ್ಕೆ ಬರುವುದು ಸಿನಿಮಾದಲ್ಲಿ ಚೆಂದ. ಇಲ್ಲಿ ಎರಡನೆಯವರ ಹೆಸರು ಸೇರಿಸಲು ಮತ್ತೆ ಡಿಪೋಗೆ ಓಡಬೇಕಾಗುತ್ತದೆ.

ಹಂತ 4: ಹೊರಡುವ ಮೊದಲು ಆಡಿ ಮುಗಿಸಬೇಕಾದ ಮಾತು

ಯಾರೂ ಬರೆದುಕೊಡದ ಹಂತ ಇದು. ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ ಅಂತ ನನ್ನ ಅನಿಸಿಕೆ.

ದೂರ ಇದ್ದಾಗ ಇಬ್ಬರಿಗೂ ಬೇರೆ ಬೇರೆ ಅಭ್ಯಾಸ ಬೆಳೆದಿರುತ್ತದೆ. ಒಬ್ಬರು ದೀಪ ಹಾಕಿಕೊಂಡೇ ಮಲಗುತ್ತಾರೆ. ಇನ್ನೊಬ್ಬರಿಗೆ ಬೆಳಿಗ್ಗೆ ಒಂದು ಗಂಟೆ ಯಾರೂ ಮಾತಾಡಿಸಬಾರದು. ಒಬ್ಬರೇ ಇದ್ದು ಖರ್ಚಿನ ರೀತಿಯೂ ಬದಲಾಗಿರುತ್ತದೆ. ಮನೆಯಲ್ಲಾದರೆ ಇನ್ನೊಂದು ಕೋಣೆಗೆ ಹೋಗಬಹುದು. ವ್ಯಾನ್‌ನಲ್ಲಿ ಇನ್ನೊಂದು ಕೋಣೆ ಎಲ್ಲಿ? ಆದ್ದರಿಂದ ಟಿಕೆಟ್ ಮಾಡಿದ ಮೇಲೆ ಒಂದು ಸಂಜೆ ಕಾಲ್ ಮಾಡಿ, ಈ ವಿಷಯಗಳನ್ನು ನಗುತ್ತಲೇ ಆದರೂ ಆಡಿಬಿಡಿ.

ದುಡ್ಡಿನಿಂದ ಶುರು ಮಾಡಿ. ಇಬ್ಬರ ಸಂಬಳವೂ ಬೇರೆ ಬೇರೆ ಕರೆನ್ಸಿಯಲ್ಲಿದ್ದರೆ ಪ್ರತಿ ಬಿಲ್ಲಿಗೂ ಲೆಕ್ಕ ಹಾಕುತ್ತಾ ಕೂರುವುದು ಕಿರಿಕಿರಿ. ಇಬ್ಬರೂ ಮೊದಲೇ ಒಂದು ಮೊತ್ತ ಒಂದು ಕಾರ್ಡಿಗೆ ಹಾಕಿ. ಇಂಧನ, ಕ್ಯಾಂಪ್, ಊಟ ಎಲ್ಲ ಅದರಿಂದಲೇ. ವೈಯಕ್ತಿಕ ಖರ್ಚು ಅವರವರ ಪಾಡು.

ಆಮೇಲೆ ‘ಬೇಕೇ ಬೇಕು’ ಪಟ್ಟಿ. ಒಬ್ಬೊಬ್ಬರು ಎರಡೇ ಎರಡು ಹೇಳಿ. ‘ನನಗೆ ಹಿಮನದಿ ನೋಡಬೇಕು, ಒಂದು ದಿನ ಏನೂ ಮಾಡದೆ ಕೆರೆ ಪಕ್ಕ ಮಲಗಬೇಕು’ ಅನ್ನುವಷ್ಟು ಸಾಕು. ನಾಲ್ಕು ವಿಷಯ ಕೈಗೂಡಿದರೆ ಉಳಿದದ್ದೆಲ್ಲ ಲಾಭ. ಪಟ್ಟಿ ಉದ್ದವಾದಷ್ಟೂ ದಿನಕ್ಕೆ ಓಡಿಸಬೇಕಾದ ಕಿಲೋಮೀಟರ್ ಏರುತ್ತದೆ, ಮಾತಿಗೆ ಸಮಯ ಇಳಿಯುತ್ತದೆ.

ಮೂರನೆಯದು ದೊಡ್ಡ ಮಾತುಗಳು. ಮುಂದೆ ಯಾರು ಯಾರ ಊರಿಗೆ ಹೋಗುವುದು, ಕೆಲಸ ಬಿಡುವುದಾ, ಮಗು ಯಾವಾಗ, ಇವೆಲ್ಲ ಹೇಗೂ ಬರುತ್ತವೆ. ಬರಲಿ. ಆದರೆ ಚಕ್ರ ತಿರುಗುತ್ತಿರುವಾಗ ಬೇಡ. ಗುಡ್ಡದ ತಿರುವಿನಲ್ಲಿ ಸ್ಟೀರಿಂಗ್ ಹಿಡಿದವರ ಹತ್ತಿರ ಭವಿಷ್ಯ ಕೇಳಬಾರದು. ವ್ಯಾನ್ ನಿಲ್ಲಿಸಿ, ಕುರ್ಚಿ ಹೊರಗೆ ಹಾಕಿ, ಆಮೇಲೆ ಶುರು ಮಾಡಿ.

ಕೊನೆಯದಾಗಿ, ದಿನಕ್ಕೊಂದು ಗಂಟೆ ಇಬ್ಬರೂ ಬೇರೆ ಬೇರೆ ಇರುವ ಒಪ್ಪಂದ. ಒಬ್ಬರು ನಡೆಯಲು ಹೋಗಲಿ, ಇನ್ನೊಬ್ಬರು ಓದಲಿ. ‘ಇಷ್ಟು ದಿನ ಬಿಟ್ಟು ಬಂದು ಮತ್ತೆ ಬೇರೆ ಇರೋದಾ?’ ಅಂತ ಅನಿಸಬಹುದು. ಒಂಟಿಯಾಗಿ ಬದುಕಿ ರೂಢಿಯಾದವರಿಗೆ ಇಡೀ ದಿನ ಇನ್ನೊಬ್ಬರ ಪಕ್ಕ ಇರುವುದು ದಣಿವೇ. ಪ್ರೀತಿ ಕಡಿಮೆಯಾದ ಲಕ್ಷಣ ಅಲ್ಲ ಅದು.

ಹಂತ 5: ಬ್ಯಾಗ್ ತುಂಬುವಾಗ

ನ್ಯೂಜಿಲೆಂಡಿನಲ್ಲಿ ಬ್ಯಾಗ್ ತಪಾಸಣೆಯ ಚಿಂತೆ ಬಂಗಾರದ್ದಲ್ಲ, ಮಣ್ಣಿನದ್ದು. ಹೊರಗಿನ ಬೀಜ, ಕೀಟ, ರೋಗ ಒಳಗೆ ಬರಬಾರದು ಅನ್ನುವುದು ಅವರ ಹಟ. ಹಳೆಯ ಟೆಂಟ್, ಟ್ರೆಕ್ಕಿಂಗ್ ಶೂ, ಮೀನು ಹಿಡಿಯುವ ಸಾಮಾನು ಇದ್ದರೆ ಡಿಕ್ಲರೇಶನ್‌ನಲ್ಲಿ ಹೇಳಲೇಬೇಕು. ಶೂ ತಳದ ಮಣ್ಣನ್ನು ಹಳೇ ಬ್ರಷ್‌ನಲ್ಲಿ ತಿಕ್ಕಿ ತೊಳೆದು, ಪೂರ್ತಿ ಒಣಗಿಸಿ ತನ್ನಿ. ಟೆಂಟಿನ ಮೂಲೆಯ ಒಣಹುಲ್ಲನ್ನೂ ಕೊಡವಿ. ತಿನ್ನುವ ಪದಾರ್ಥ ಏನೇ ಇದ್ದರೂ ಹೇಳಿ. ಹೇಳಿದರೆ ಹೆಚ್ಚೆಂದರೆ ತೆಗೆದು ಬಿಸಾಡುತ್ತಾರೆ. ಹೇಳದೆ ಸಿಕ್ಕಿಬಿದ್ದರೆ ಅಲ್ಲೇ 400 ಡಾಲರ್ ದಂಡ. ವಿಮಾನದಲ್ಲಿ ಕೊಟ್ಟ ಸೇಬು ಬ್ಯಾಗಿನಲ್ಲಿ ಮರೆತವರಿಗೂ ಬಿದ್ದಿದೆ. ಜೇನುತುಪ್ಪ ತರುವ ಯೋಚನೆಯೇ ಬೇಡ.

ಹಾಸಿಗೆ, ಪಾತ್ರೆ, ಒಲೆ ಎಲ್ಲ ವ್ಯಾನ್‌ನಲ್ಲೇ ಇರುವುದರಿಂದ ಸಾಮಾನು ಜಾಸ್ತಿ ಬೇಡ. ಗಟ್ಟಿ ಸೂಟ್‌ಕೇಸ್ ಬದಲು ಮಡಿಚಿ ಇಡಬಹುದಾದ ಬಟ್ಟೆಯ ಬ್ಯಾಗ್ ತನ್ನಿ. ಎರಡು ದೊಡ್ಡ ಸೂಟ್‌ಕೇಸ್ ಒಳಗೆ ಬಂದರೆ ಅವೇ ಮೂರನೆಯ, ನಾಲ್ಕನೆಯ ಪ್ರಯಾಣಿಕರಾಗಿಬಿಡುತ್ತವೆ. ತಲೆಗೆ ಕಟ್ಟುವ ಟಾರ್ಚ್ ಇಬ್ಬರಿಗೂ ಒಂದೊಂದು, ಮಳೆ ಜಾಕೆಟ್, ಬೇಸಿಗೆಯಲ್ಲೂ ಒಂದು ದಪ್ಪ ಸ್ವೆಟರ್. ಅಲ್ಲಿನ ಬಿಸಿಲು ಚರ್ಮ ಬೇಗ ಸುಡುತ್ತದೆ, ಸನ್‌ಸ್ಕ್ರೀನ್ ಮರೆಯಬೇಡಿ.

ಹಂತ 6: ಮೊದಲ ಎರಡು ರಾತ್ರಿ ವ್ಯಾನ್ ಬೇಡ

ಇಳಿದ ದಿನವೇ ವ್ಯಾನ್ ತಗೊಂಡು ಹೊರಟರೆ ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಈ ಉಳಿತಾಯ ಮಾಡಬೇಡಿ. ನಿದ್ದೆ ಇಲ್ಲದ ಕಣ್ಣಿನಲ್ಲಿ, ಗೊತ್ತಿಲ್ಲದ ಗಾಡಿಯಲ್ಲಿ, ಪಕ್ಕದಲ್ಲಿ ಬಹಳ ದಿನದ ಮೇಲೆ ಸಿಕ್ಕವರನ್ನು ಕೂರಿಸಿಕೊಂಡು ಮೂರು ಗಂಟೆ ಓಡಿಸುವುದು ಅಪಾಯ. ಡಿಪೋಗಳು ಸಾಮಾನ್ಯವಾಗಿ ಸಂಜೆಗೆ ಮೊದಲೇ ಮುಚ್ಚುತ್ತವೆ. ವಿಮಾನ ತಡವಾದರೆ ಹೇಗೂ ಸಿಗುವುದಿಲ್ಲ.

ಕ್ರೈಸ್ಟ್‌ಚರ್ಚ್‌ನಲ್ಲಿ ಎರಡು ರಾತ್ರಿ ಇರಿ. ಮಧ್ಯದ ದಿನಕ್ಕೆ ಯಾವ ಕಾರ್ಯಕ್ರಮವೂ ಬೇಡ. 165 ಹೆಕ್ಟೇರಿನ ಹ್ಯಾಗ್ಲಿ ಪಾರ್ಕ್ ಊರಿನ ಮಧ್ಯದಲ್ಲೇ ಇದೆ. ಪಕ್ಕದಲ್ಲೇ 1863ರಲ್ಲಿ ಶುರುವಾದ ಬೊಟಾನಿಕ್ ಗಾರ್ಡನ್, ಅದರ ಸುತ್ತ ಹರಿಯುವ ಏವನ್ ನದಿ. ಸುಮ್ನೆ ನಡೆಯಿರಿ. ಪೂರ್ವದಿಂದ ಬಂದವರಿಗೂ ಪಶ್ಚಿಮದಿಂದ ಬಂದವರಿಗೂ ಜೆಟ್ ಲ್ಯಾಗ್ ಬೇರೆ ಬೇರೆ ಹೊತ್ತಿಗೆ ಕಾಡುತ್ತದೆ. ಒಬ್ಬರು ನಸುಕಿನ ನಾಲ್ಕಕ್ಕೆ ಕಣ್ಣು ಬಿಟ್ಟು ಕೂತಿರುತ್ತಾರೆ, ಇನ್ನೊಬ್ಬರು ಸಂಜೆ ಏಳಕ್ಕೇ ಮುದುಡಿ ಮಲಗಿರುತ್ತಾರೆ. ಇದನ್ನು ‘ನನ್ನ ಜೊತೆ ಮಾತಾಡೋಕೆ ಇಷ್ಟ ಇಲ್ವಾ’ ಅಂತ ತಿಳಿಯಬೇಡಿ. ಹಗಲು ಬಿಸಿಲಿನಲ್ಲಿ ಓಡಾಡಿದರೆ ಬೇಗ ಸರಿಹೋಗುತ್ತದೆ.

ಮೊದಲ ಗಂಟೆಗಳಲ್ಲಿ ಒಂದು ಥರದ ಸಂಕೋಚವೂ ಇರುತ್ತದೆ. ಪರದೆಯಲ್ಲಿ ನೋಡಿದ ಮುಖ ಎದುರಿಗೆ ಬಂದಾಗ ಏನು ಮಾತಾಡಬೇಕು ಅಂತಲೇ ತೋಚುವುದಿಲ್ಲ. ಸಹಜ. ಆ ಹೊತ್ತಿಗೆ ಕೈಗೆ ಕೆಲಸ ಕೊಡಿ. ಒಟ್ಟಿಗೆ ಸೂಪರ್‌ಮಾರ್ಕೆಟ್‌ಗೆ ಹೋಗಿ ಮೂರು ದಿನದ ಅಡುಗೆ ಸಾಮಾನು ತನ್ನಿ. ಮಾತು ತಾನಾಗಿ ಬರುತ್ತದೆ.

ಹಂತ 7: ಡಿಪೋದಲ್ಲಿ

ಅವರು ವಿವರಿಸುವಾಗ ಒಬ್ಬರು ಕೇಳಿ, ಇನ್ನೊಬ್ಬರು ವಿಡಿಯೋ ಮಾಡಿ. ಗ್ಯಾಸ್ ಎಲ್ಲಿ ಆಫ್ ಮಾಡುವುದು, ನೀರಿನ ಪಂಪ್ ಸ್ವಿಚ್ ಯಾವುದು, ಬಳಸಿದ ನೀರಿನ ಟ್ಯಾಂಕಿನ ವಾಲ್ವ್ ಎಲ್ಲಿ, ಟಾಯ್ಲೆಟ್ ಡಬ್ಬಿ ಹೇಗೆ ಹೊರತೆಗೆಯುವುದು, ಇಷ್ಟು ಕೈಯಿಂದ ಮಾಡಿ ತೋರಿಸಿ ಅಂತ ಕೇಳಿ. ಸ್ಮೋಕ್ ಅಲಾರಂ ಒತ್ತಿ ನೋಡಿ. ಗಾಡಿಯ ನಾಲ್ಕು ಮೂಲೆ, ಚಾವಣಿ, ಗಾಜು, ಚಕ್ರ ಎಲ್ಲದರ ಫೋಟೋ ತೆಗೆಯಿರಿ. ವ್ಯಾನ್ ಎಷ್ಟು ಎತ್ತರ ಅಂತ ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಪಾರ್ಕಿಂಗ್ ಕಟ್ಟಡದ ಬಾಗಿಲಲ್ಲಿ ಇದೇ ಚೀಟಿ ನಿಮ್ಮ ಠೇವಣಿ ಉಳಿಸುತ್ತದೆ.

ವಿದ್ಯುತ್ ವಿಷಯ ಅರ್ಥ ಮಾಡಿಕೊಳ್ಳಿ. ಫ್ರಿಜ್, ದೀಪ, ಫೋನ್ ಚಾರ್ಜ್ ಎಲ್ಲ ವ್ಯಾನಿನ ಎರಡನೆಯ ಬ್ಯಾಟರಿಯಿಂದ ನಡೆಯುತ್ತವೆ. 230 ವೋಲ್ಟಿನ ಪ್ಲಗ್ ಸಾಮಾನ್ಯವಾಗಿ ಕ್ಯಾಂಪಿನ ಕರೆಂಟಿಗೆ ಕೇಬಲ್ ಸಿಕ್ಕಿಸಿದಾಗ ಮಾತ್ರ ಕೆಲಸ ಮಾಡುತ್ತದೆ. ಆದ್ದರಿಂದ ಕರೆಂಟ್ ಇಲ್ಲದ ಜಾಗದಲ್ಲಿ ಎರಡು ರಾತ್ರಿ, ಆಮೇಲೆ ಪವರ್ಡ್ ಸೈಟಿನಲ್ಲಿ ಒಂದು ರಾತ್ರಿ ಅನ್ನುವ ಲೆಕ್ಕ ಇಟ್ಟುಕೊಳ್ಳಿ. ಬಟ್ಟೆ ಒಗೆಯುವುದು, ಬಿಸಿನೀರಿನ ಉದ್ದನೆಯ ಸ್ನಾನ, ಟ್ಯಾಂಕ್ ತುಂಬಿಸುವುದು ಎಲ್ಲ ಮೂರನೆಯ ದಿನಕ್ಕೆ.

ಹಂತ 8: ರಸ್ತೆಯ ನಿಯಮ

ಎಡಗಡೆ ಓಡಿಸುವ ದೇಶ. ಇಬ್ಬರಲ್ಲಿ ಒಬ್ಬರು ಬಲಗಡೆ ಓಡಿಸಿ ರೂಢಿಯಾಗಿದ್ದರೆ ಮೊದಲ ದಿನ ಇನ್ನೊಬ್ಬರೇ ಓಡಿಸಲಿ. ಊರಿನೊಳಗೆ ಸಾಮಾನ್ಯವಾಗಿ ಗಂಟೆಗೆ 50 ಕಿ.ಮೀ, ಹೊರಗೆ 100. ಈ 100 ಅನ್ನುವುದು ಮಿತಿ, ಗುರಿಯಲ್ಲ. ತಿರುವುಗಳಲ್ಲಿ ವ್ಯಾನ್ 60-70ರಲ್ಲೇ ಓಡುವುದು. ಹಿಂದೆ ಗಾಡಿಗಳು ಸಾಲುಗಟ್ಟಿದರೆ ಜಾಗ ಸಿಕ್ಕ ಕಡೆ ಎಡಕ್ಕೆ ಸರಿದು ದಾರಿ ಬಿಡಿ. ಸ್ಥಳೀಯರ ಸಿಟ್ಟು ಅರ್ಧ ಅಲ್ಲೇ ಇಳಿಯುತ್ತದೆ.

ಪಶ್ಚಿಮ ಕರಾವಳಿಯಲ್ಲಿ ಒಂದೇ ಲೇನಿನ ಸೇತುವೆಗಳು ಬಹಳ. ನಿಮ್ಮ ಕಡೆ ಕೆಂಪು ಅಂಚಿನ ದುಂಡು ಫಲಕ, ನಿಮ್ಮ ದಿಕ್ಕಿಗೆ ಚಿಕ್ಕ ಕೆಂಪು ಬಾಣ ಇದ್ದರೆ ನೀವು ನಿಲ್ಲಬೇಕು. ನೀಲಿ ಚೌಕದ ಫಲಕದಲ್ಲಿ ನಿಮ್ಮ ದಿಕ್ಕಿಗೆ ದೊಡ್ಡ ಬಿಳಿ ಬಾಣ ಇದ್ದರೆ ಸರದಿ ನಿಮ್ಮದು. ಆಗಲೂ ಎದುರಿನ ಗಾಡಿ ನಿಂತಿದೆಯಾ ನೋಡಿಕೊಂಡೇ ಸೇತುವೆ ಹತ್ತಿ. ಪಕ್ಕದಲ್ಲಿ ಕೂತವರ ಕೆಲಸ ಇದು: ಸೇತುವೆ ಕಂಡ ಕೂಡಲೇ ಫಲಕ ಓದಿ ಹೇಳುವುದು. ತುರ್ತಿಗೆ ನಂಬರ್ 111.

ಹಂತ 9: ಹತ್ತು ರಾತ್ರಿಯ ದಾರಿ

ಕ್ರೈಸ್ಟ್‌ಚರ್ಚ್‌ನಿಂದ ಲೇಕ್ ಟೆಕಾಪೋ ಸುಮಾರು 225 ಕಿ.ಮೀ. ಮೊದಲ ದಿನಕ್ಕೆ ಇದೇ ಜಾಸ್ತಿ. ಬೆಳಿಗ್ಗೆ ವ್ಯಾನ್ ಸಿಕ್ಕರೆ ಮಧ್ಯಾಹ್ನದ ಮೇಲೆ ತಲುಪುತ್ತೀರಿ. ಕೆರೆಯ ನೀರು ಹಾಲು ಬೆರೆತ ನೀಲಿ. ಹಿಮನದಿ ಬಂಡೆಯನ್ನು ಅರೆದು ಮಾಡಿದ ಹಿಟ್ಟು ನೀರಿನಲ್ಲಿ ತೇಲುವುದರಿಂದ ಆ ಬಣ್ಣ. ಇದು 2012ರಲ್ಲಿ ಘೋಷಿಸಿದ ಅಯೊರಾಕಿ ಮೆಕೆಂಝಿ ಡಾರ್ಕ್ ಸ್ಕೈ ರಿಸರ್ವ್‌ನ ಭಾಗ, ದೀಪಗಳಿಗೆ ಕಟ್ಟುನಿಟ್ಟು. ಅಮಾವಾಸ್ಯೆ ಹತ್ತಿರ ಬರುವಂತೆ ತಾರೀಕು ಹೊಂದಿಸಿಕೊಂಡರೆ ಹಾಲುಹಾದಿ ಬರಿಗಣ್ಣಿಗೆ ಕಾಣುತ್ತದೆ. ಎರಡು ರಾತ್ರಿ ಇಲ್ಲೇ ಇರಿ. ಎರಡನೆಯ ದಿನ ವ್ಯಾನ್ ಅಲುಗಿಸಬೇಡಿ.

ಅಲ್ಲಿಂದ ಪುಕಾಕಿ ಕೆರೆಯ ದಡದ ಮೇಲೇ ಅಯೊರಾಕಿ, ಅಂದರೆ ಮೌಂಟ್ ಕುಕ್. ಸುಮಾರು 105 ಕಿ.ಮೀ. 3,724 ಮೀಟರ್ ಎತ್ತರದ, ದೇಶದ ಅತಿ ಎತ್ತರದ ಶಿಖರ. ಬುಡದಲ್ಲಿ ವೈಟ್ ಹಾರ್ಸ್ ಹಿಲ್ ಕ್ಯಾಂಪ್‌ಗ್ರೌಂಡ್. ಇದನ್ನು ನಡೆಸುವುದು ಡಿಪಾರ್ಟ್‌ಮೆಂಟ್ ಆಫ್ ಕನ್ಸರ್ವೇಶನ್, ಎಲ್ಲರ ಬಾಯಲ್ಲಿ ‘ಡಾಕ್’. ದೇಶದಾದ್ಯಂತ ಇವರ 200ಕ್ಕೂ ಹೆಚ್ಚು ಕ್ಯಾಂಪ್‌ಸೈಟ್ ಇವೆ. ಸೌಲಭ್ಯ ಕಡಿಮೆ, ಜಾಗ ಅದ್ಭುತ. ಹಾಸಿಗೆಯಿಂದಲೇ ಹಿಮ ಕಾಣುತ್ತದೆ. ಇಲ್ಲಿಂದ ಹೊರಡುವ ಕಿಯಾ ಪಾಯಿಂಟ್ ನಡಿಗೆ ಹೋಗಿ ಬರಲು ಒಂದು ಗಂಟೆ ಚಿಲ್ಲರೆ. ಒಂದು ಎಚ್ಚರಿಕೆ: ಬೆಟ್ಟದ ಹಸಿರು ಗಿಳಿ ಕಿಯಾಗೆ ಗಾಡಿಯ ರಬ್ಬರ್ ಅಂದರೆ ಪ್ರಾಣ. ವೈಪರ್, ಕಿಟಕಿ ಅಂಚು ಎಲ್ಲ ಕಿತ್ತು ಹಾಕುತ್ತದೆ. ಮುದ್ದಾಗಿದೆ ಅಂತ ತಿನ್ನಲು ಕೊಡಬೇಡಿ.

ಮುಂದೆ 971 ಮೀಟರ್ ಎತ್ತರದ ಲಿಂಡಿಸ್ ಪಾಸ್ ದಾಟಿ ವಾನಾಕಾ, ಸುಮಾರು 210 ಕಿ.ಮೀ. ಇಲ್ಲಿ ಪವರ್ಡ್ ಸೈಟ್ ಹಿಡಿದು ಎರಡು ರಾತ್ರಿ ಉಳಿಯಿರಿ. ಪ್ರವಾಸದ ನಡುಘಟ್ಟ ಇದು. ಜಗಳ ಆಗುವುದಿದ್ದರೆ ಆಗುವುದೂ ಸಾಮಾನ್ಯವಾಗಿ ಇಲ್ಲಿಯೇ. ಹೊಸತು ಮುಗಿದಿರುತ್ತದೆ, ದಣಿವು ಸೇರಿರುತ್ತದೆ. ಒಂದು ಸಂಜೆ ಹೊರಗೆ ಊಟ ಮಾಡಿ.

ವಾನಾಕಾದಿಂದ ಸ್ಟೇಟ್ ಹೈವೇ 6ರಲ್ಲಿ ಹಾಸ್ಟ್ ಸುಮಾರು 145 ಕಿ.ಮೀ. ವಾನಾಕಾ ಕೆರೆಯ ತಲೆಗಿರುವ ಬೌಂಡರಿ ಕ್ರೀಕ್ ಡಾಕ್ ಕ್ಯಾಂಪಿನಲ್ಲಿ ಒಂದು ರಾತ್ರಿ ಉಳಿಯಬಹುದು. ಹಾಸ್ಟ್ ಪಾಸ್ ದಾಟಿದರೆ ಲೋಕವೇ ಬೇರೆ: ಒಣ ಹುಲ್ಲು ಹೋಗಿ ಒದ್ದೆ ಕಾಡು. ಫ್ಯಾನ್‌ಟೇಲ್, ಥಂಡರ್ ಕ್ರೀಕ್ ಜಲಪಾತಗಳು ರಸ್ತೆಯಿಂದ ಐದು ನಿಮಿಷ. ಹಾಸ್ಟ್‌ನಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿ. ಮುಂದೆ ಫಾಕ್ಸ್ ಗ್ಲೇಸಿಯರ್‌ವರೆಗೆ ಸುಮಾರು 120 ಕಿ.ಮೀ ಬಂಕ್ ನಂಬಿ ಹೋಗುವಂತಿಲ್ಲ, ಮೊಬೈಲ್ ಸಿಗ್ನಲ್ಲೂ ಅಲ್ಲಲ್ಲಿ ಮಾತ್ರ. ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಂಡಿರಬೇಕು.

ಪಶ್ಚಿಮ ಕರಾವಳಿಯಲ್ಲಿ ಮಳೆ ಹೇಳಿ ಕೇಳಿ ಬರುವುದಿಲ್ಲ. 2019ರ ಮಾರ್ಚ್‌ನಲ್ಲಿ ಫ್ರಾನ್ಝ್ ಜೋಸೆಫ್ ಹತ್ತಿರದ ವೈಹೋ ನದಿಯ ಸೇತುವೆಯೇ ಪ್ರವಾಹದಲ್ಲಿ ಕೊಚ್ಚಿಹೋಗಿ ಹೆದ್ದಾರಿ ಕಡಿದಿತ್ತು. ಅದಕ್ಕೇ ಈ ಭಾಗಕ್ಕೆ ಮೂರು ರಾತ್ರಿ ಇಡಿ, ಒಂದು ರಾತ್ರಿ ಮಳೆಗೆ ಅಂತ ಬಿಟ್ಟುಬಿಡಿ. ಬಿಸಿಲಿದ್ದರೆ ಮುಂಜಾನೆ ಗಾಳಿ ಏಳುವ ಮೊದಲು ಫಾಕ್ಸ್ ಪಕ್ಕದ ಲೇಕ್ ಮ್ಯಾಥೆಸನ್‌ಗೆ ಹೋಗಿ, ಹಿಮಶಿಖರಗಳ ಬಿಂಬ ನೀರಿನಲ್ಲಿ ಕಾಣುತ್ತದೆ. ಫ್ರಾನ್ಝ್ ಜೋಸೆಫ್‌ನಿಂದ ಹೊಕಿಟಿಕಾ ಸುಮಾರು 135 ಕಿ.ಮೀ. ಊರಿನ ಉತ್ತರದ ತುದಿಯಲ್ಲಿ, ಹೆದ್ದಾರಿ ಪಕ್ಕದಲ್ಲೇ, ರಾತ್ರಿ ಮಿನುಗುವ ಗ್ಲೋವರ್ಮ್ ಹುಳುಗಳ ಕಮರಿ ಇದೆ. ಟಿಕೆಟ್ ಇಲ್ಲ. ಟಾರ್ಚ್ ಆರಿಸಿ ಒಳಗೆ ನಿಲ್ಲಿ.

ಕೊನೆಗೆ ಸ್ಟೇಟ್ ಹೈವೇ 73, ಸುಮಾರು 250 ಕಿ.ಮೀ. 1999ರಲ್ಲಿ ತೆರೆದ 440 ಮೀಟರ್ ಉದ್ದದ ಒಟಿರಾ ಮೇಲ್ಸೇತುವೆ ಹತ್ತಿ, 920 ಮೀಟರಿನ ಆರ್ಥರ್ಸ್ ಪಾಸ್ ದಾಟಿ ಕ್ರೈಸ್ಟ್‌ಚರ್ಚ್. ಏರು ಕಡಿದಾಗಿದೆ, ಕಡಿಮೆ ಗೇರಿನಲ್ಲಿ ನಿಧಾನ ಹತ್ತಿ. ಆರ್ಥರ್ಸ್ ಪಾಸ್‌ನಲ್ಲಿ ಒಂದು ರಾತ್ರಿ ನಿಂತು 131 ಮೀಟರಿನ ಡೆವಿಲ್ಸ್ ಪಂಚ್‌ಬೌಲ್ ಜಲಪಾತ ನೋಡಿ.

ಹಂತ 10: ಕ್ಯಾಂಪಿನ ದಿನಚರಿ

ಕತ್ತಲಾಗುವ ಎರಡು ಗಂಟೆ ಮೊದಲೇ ನಿಲ್ಲಿ. ಹಸಿವು, ಕತ್ತಲೆ, ಜಾಗ ಸಿಗದ ಚಿಂತೆ ಮೂರೂ ಒಟ್ಟಿಗೆ ಬಂದರೆ ಎಂಥ ಜೋಡಿಯೂ ಕಿತ್ತಾಡುತ್ತದೆ. ಕ್ಯಾಂಪರ್‌ಮೇಟ್ ಆ್ಯಪ್‌ನಲ್ಲಿ ಕ್ಯಾಂಪ್, ಡಂಪ್ ಸ್ಟೇಷನ್, ನೀರು ಎಲ್ಲ ಸಿಗುತ್ತದೆ. ಆದರೆ ಫ್ರೀಡಂ ಕ್ಯಾಂಪಿಂಗ್‌ಗೆ ಜಾಗದಲ್ಲಿ ನೆಟ್ಟ ಫಲಕವೇ ಕೊನೆಯ ಮಾತು.

ಕೆಲಸ ಹಂಚಿಕೊಳ್ಳಿ, ಆದರೆ ಟಾಯ್ಲೆಟ್ ಡಬ್ಬಿ ಖಾಲಿ ಮಾಡುವ ಕೆಲಸ ಒಬ್ಬರಿಗೇ ಕಟ್ಟಬೇಡಿ. ಸರದಿ ಇರಲಿ. ಅದನ್ನೂ ಬಳಸಿದ ನೀರನ್ನೂ ಡಂಪ್ ಸ್ಟೇಷನ್‌ನಲ್ಲೇ ಬಿಡಬೇಕು, ಪೊದೆಗೂ ಚರಂಡಿಗೂ ಅಲ್ಲ. ಅಡುಗೆ ಮಾಡುವಾಗ ಕಿಟಕಿ ತೆರೆದಿರಲಿ. ಚಳಿ ಅಂತ ಗ್ಯಾಸ್ ಒಲೆ ಹಚ್ಚಿಟ್ಟು ಮಲಗುವುದು ಪ್ರಾಣಕ್ಕೆ ಕುತ್ತು, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಹೊರಗೆ ಬೆಂಕಿ ಹಾಕುವ ಮೊದಲು ಅಲ್ಲಿ ಅವತ್ತು ಅನುಮತಿ ಇದೆಯಾ ಕೇಳಿ.

ಪಶ್ಚಿಮ ಕರಾವಳಿಯ ಸ್ಯಾಂಡ್‌ಫ್ಲೈ ನೊಣ ಸೊಳ್ಳೆಗಿಂತ ಚಿಕ್ಕದು, ತುರಿಕೆ ದಿನಗಟ್ಟಲೆ. ಹಗಲಲ್ಲೇ ಕಚ್ಚುತ್ತದೆ, ಮುಂಜಾನೆ ಮುಸ್ಸಂಜೆ ಜಾಸ್ತಿ. ಕಡು ಬಣ್ಣಕ್ಕೆ ಮುತ್ತುವುದರಿಂದ ತಿಳಿ ಬಣ್ಣದ ತುಂಬುತೋಳು ಹಾಕಿ, ನೊಣ ಓಡಿಸುವ ಮುಲಾಮು ಹಚ್ಚಿ, ಬಾಗಿಲು ತೆರೆದು ಬೇಗ ಮುಚ್ಚಿ.

ಒಂದು ನದಿಯಲ್ಲಿ ನೆನೆದ ಶೂ, ಬಟ್ಟೆಯನ್ನು ಒಣಗಿಸದೆ ಇನ್ನೊಂದು ನದಿಗೆ ಇಳಿಸಬೇಡಿ. 2004ರಲ್ಲಿ ದಕ್ಷಿಣ ದ್ವೀಪದಲ್ಲಿ ಸಿಕ್ಕ ಡಿಡಿಮೊ ಪಾಚಿ ಹೀಗೇ ನದಿಯಿಂದ ನದಿಗೆ ಹಬ್ಬುತ್ತದೆ.

ಜಗಳವಾದರೆ? ಆಗುತ್ತದೆ. ದಾರಿ ತಪ್ಪಿದ್ದಕ್ಕೋ, ಒದ್ದೆ ಟವೆಲ್ ಹಾಸಿಗೆ ಮೇಲೆ ಬಿಟ್ಟಿದ್ದಕ್ಕೋ. ಗಾಡಿ ನಿಲ್ಲಿಸಿ, ಇಬ್ಬರೂ ಇಳಿಯಿರಿ, ಹದಿನೈದು ನಿಮಿಷ ನಡೆಯಿರಿ. ಡ್ರೈವರ್ ಬದಲಾಯಿಸಿ. ಆ ದಿನದ ಉಳಿದ ದಾರಿಯನ್ನು ಅರ್ಧ ಮಾಡಿ, ಹತ್ತಿರದ ಕ್ಯಾಂಪಿನಲ್ಲೇ ನಿಲ್ಲಿ. ಬುಕ್ ಮಾಡಿದ ಒಂದು ರಾತ್ರಿಯ ದುಡ್ಡು ಹೋದರೆ ಹೋಗಲಿ.

ಹಂತ 11: ವ್ಯಾನ್ ವಾಪಸ್, ವಿಮಾನ

ವ್ಯಾನನ್ನು ವಿಮಾನದ ಹಿಂದಿನ ದಿನ ಒಪ್ಪಿಸಿ. ಡಂಪ್ ಸ್ಟೇಷನ್, ಇಂಧನ, ಒಳಗಿನ ಸ್ವಚ್ಛತೆ ಮುಗಿಸಲು ಎರಡು ಗಂಟೆ ಬೇಕು. ಒಪ್ಪಿಸುವಾಗ ಮತ್ತೆ ಫೋಟೋ, ಕಿಲೋಮೀಟರ್ ಮೀಟರಿನದ್ದೂ ಸೇರಿಸಿ. ಠೇವಣಿ ವಾಪಸ್ ಬರುವವರೆಗೆ ರಸೀದಿ ಇಟ್ಟುಕೊಳ್ಳಿ. ಅದು ಇಬ್ಬರಲ್ಲಿ ಯಾರ ಕಾರ್ಡಿನಲ್ಲಿದೆ, ಬಂದ ಮೇಲೆ ಹೇಗೆ ಹಂಚಿಕೊಳ್ಳುವುದು ಅಂತ ಅಲ್ಲೇ ಬರೆದಿಡಿ.

ಕೊನೆಯ ರಾತ್ರಿ ಏರ್‌ಪೋರ್ಟ್ ಹತ್ತಿರ ಕೋಣೆ ಮಾಡಿ. ಇಬ್ಬರ ವಿಮಾನವೂ ಬೇರೆ ಬೇರೆ ಹೊತ್ತಿಗಿದ್ದರೆ ಟಿಕೆಟ್ ಮಾಡುವಾಗಲೇ ಮೂರು ನಾಲ್ಕು ಗಂಟೆಯೊಳಗೆ ಎರಡೂ ಹೊರಡುವಂತೆ ನೋಡಿಕೊಳ್ಳಿ. ಒಬ್ಬರು ಹೋದ ಮೇಲೆ ಇನ್ನೊಬ್ಬರು ಇಡೀ ದಿನ ಆ ಕೋಣೆಯಲ್ಲಿ ಕೂರುವಂತಾಗಬಾರದು. ಮುಂದಿನ ಭೇಟಿಯ ತಿಂಗಳನ್ನು ವಾನಾಕಾದಲ್ಲಿ ಇರುವಾಗಲೇ ಗೊತ್ತು ಮಾಡಿಕೊಂಡುಬಿಡಿ. ಡಿಪಾರ್ಚರ್ ಗೇಟಿನ ಮುಂದೆ ನಿಂತು ರಜೆಯ ಲೆಕ್ಕ ಹಾಕಲು ಆಗುವುದಿಲ್ಲ.